ಮಾಡಿದೆಯಾ ಎಂದು ಯಾರೂ ಕೇಳಿರಲಿಲ್ಲ

ಆಟಗಾರನೊಬ್ಬ ಹೆಸರು ಕೆಡಿಸಿಕೊಂಡಾಗ ಅವನನ್ನು ಆಪ್ತಸಲಹೆಗೆ ಕರೆತರುವುದು ಈಗ ಕಲಬುರಗಿಯಲ್ಲಿಯೂ ರೂಢಿಯಾಗಿದೆ. ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕಬಡ್ಡಿಯವರು ಬಂದಿದ್ದಾರೆ, ಕ್ರಿಕೆಟ್‌ನವರು ಬಂದಿದ್ದಾರೆ, ಗರಡಿಮನೆಯವರೂ ಬಂದಿದ್ದಾರೆ. ಎಲ್ಲರಿಗೂ ಬೇಕಾದದ್ದು ಒಂದು ಚೀಟಿ. ‘ಈ ಹುಡುಗನಿಗೆ ಆಪ್ತಸಲಹೆ ನೀಡಲಾಗಿದೆ, ಈಗ ಸರಿಹೋಗಿದ್ದಾನೆ’ ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿದ ಚೀಟಿ. ಇಲ್ಲಿ ಬರೆಯುತ್ತಿರುವುದು ಒಂದು ಫುಟ್‌ಬಾಲ್ ಕ್ಲಬ್‌ನ ಪ್ರಕರಣ. ಹುಡುಗನ ಹಾಗೂ ಕ್ಲಬ್ ಕಾರ್ಯದರ್ಶಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಹಲವು ವಿವರ ಬದಲಿಸಿದ್ದೇನೆ. ಈ ಪ್ರಕರಣದಲ್ಲಿ ನೊಂದ ಹುಡುಗಿ ನನ್ನ ಬಳಿ ಬಂದವಳಲ್ಲ. ಆದ್ದರಿಂದ ಆಕೆಯ ಮನೆ, ಆಕೆಯ ನೋವು, ಮುಂದೆ ಆಕೆ ಏನು ಮಾಡಿದಳು ಎಂಬುದನ್ನು ಬರೆಯುವ ಹಕ್ಕು ನನಗಿಲ್ಲ. ಓದುಗರು ಅದನ್ನು ಇಲ್ಲಿ ಹುಡುಕಬಾರದು.

ಹುಡುಗನಿಗೆ ಇಪ್ಪತ್ತೆರಡು ವರ್ಷ. ತಂಡದಲ್ಲಿ ಗೋಲು ಹೊಡೆಯುವವನು ಅವನೇ. ಕ್ರೀಡಾ ಕೋಟಾದಲ್ಲಿ ಪೊಲೀಸ್ ನೌಕರಿ ಸಿಗಬಹುದು ಎಂಬ ಆಸೆ ಅವನಿಗಿಂತ ಕ್ಲಬ್‌ನ ಹಿರಿಯರಿಗೇ ಹೆಚ್ಚು. ಅದೇ ಮೈದಾನದಲ್ಲಿ ಅಭ್ಯಾಸ ಮಾಡುವ ಹುಡುಗಿಯರ ತಂಡದ ಒಬ್ಬಳೊಂದಿಗೆ ಸ್ನೇಹವಿತ್ತು, ಮುರಿಯಿತು. ಅದಾದ ಮೇಲೆ ಆಕೆ ಅವನನ್ನು ನಂಬಿ ಕಳಿಸಿದ್ದ ಖಾಸಗಿ ಫೋಟೊಗಳು ಅವನ ನಂಬರಿನಿಂದ ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ಬಂದವು, ಹಿಂದೆಯೇ ಒಂದು ಹೊಲಸು ಮಾತು. ಬೆಳಗಾಗುವುದರೊಳಗೆ ಆಳಂದ ನಾಕಾದಿಂದ ಜೇವರ್ಗಿ ರಸ್ತೆಯವರೆಗೆ ಹುಡುಗರ ಫೋನುಗಳಲ್ಲಿ ಅವು ಓಡಾಡಿದ್ದವು.

ಕಾರ್ಯದರ್ಶಿ ಮೊದಲು ಒಬ್ಬರೇ ಬಂದರು. ಇಡೀ ಕ್ಲಬ್ ಅವರನ್ನು ಕಾಕಾ ಎನ್ನುತ್ತದೆ. ನಾನೂ ಹಾಗೆಯೇ ಬರೆಯುತ್ತೇನೆ. ಅವರು ಮಾತು ಮುಗಿಸುವ ಮೊದಲೇ ನಾನು ಕೇಳಿದ್ದು ಹುಡುಗಿಯ ವಯಸ್ಸು. ಅವರಿಗೆ ಸಿಟ್ಟು ಬಂದಿತು. ನನ್ನ ಕುತೂಹಲಕ್ಕೆ ಕೇಳಿದ ಪ್ರಶ್ನೆಯಲ್ಲ ಅದು. ಆಕೆಗೆ ಹದಿನೆಂಟು ತುಂಬಿರದಿದ್ದರೆ ನಮ್ಮ ಮಾತು ಅಲ್ಲಿಗೇ ಮುಗಿದು ನೇರ ಠಾಣೆಗೆ ಹೋಗಬೇಕಾಗುತ್ತಿತ್ತು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಪರಾಧ ಗೊತ್ತಾದ ಯಾರೇ ಆಗಲಿ ತಿಳಿಸಲೇಬೇಕು. ಕೈಕೆಳಗಿನವರ ಅಪರಾಧ ತಿಳಿದೂ ಸುಮ್ಮನಿದ್ದ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಸೆಕ್ಷನ್‌ನಲ್ಲಿ ಒಂದು ವರ್ಷದವರೆಗೆ ಜೈಲು ಇದೆ. ಕಾಕಾ ಫೋನ್ ಮಾಡಿ ನೋಂದಣಿ ಪುಸ್ತಕ ತೆಗೆಸಿ ನೋಡಿದರು. ಆಕೆ ವಯಸ್ಕಳು. ದೂರು ಕೊಡುವುದು, ಬಿಡುವುದು ಆಕೆಗೆ ಸೇರಿದ್ದು ಎಂದು ಹೇಳಿ ಮುಂದಿನ ಮಾತಿಗೆ ಬಂದೆ.

ಅಷ್ಟರಲ್ಲಿ ಕ್ಲಬ್ ಮಾಡಬಾರದ್ದನ್ನೆಲ್ಲ ಮಾಡಿ ಮುಗಿಸಿತ್ತು. ಎಲ್ಲರ ಫೋನಿನಿಂದ ಅಳಿಸಿಹಾಕಿ ಎಂದು ಹುಕುಂ ಹೊರಡಿಸಿತ್ತು. ಹುಡುಗರು ‘ಅಣ್ಣನ ಜೊತೆ ನಾವಿದ್ದೇವೆ’ ಎಂದು ಅವನ ಜರ್ಸಿಯ ಚಿತ್ರವನ್ನು ಸ್ಟೇಟಸ್‌ಗೆ ಹಾಕಿದ್ದರು. ಅಭ್ಯಾಸದ ವೇಳೆ ಫೋನ್ ಬ್ಯಾಗಿನಲ್ಲಿತ್ತು, ಯಾರೋ ತೆಗೆದು ಕಳಿಸಿದ್ದಾರೆ ಎಂಬ ಕಥೆಯನ್ನು ಹಿರಿಯರು ಊರೆಲ್ಲ ಹೇಳಿಬಿಟ್ಟಿದ್ದರು. ಹಣ್ಣು, ಶಾಲು ತೆಗೆದುಕೊಂಡು ನಾಲ್ಕು ಜನ ದೊಡ್ಡವರು ಹುಡುಗಿಯ ಮನೆಗೆ ಹೋಗಿ ಸಮಾಧಾನ ಮಾಡಿ ಬರುವುದೆಂದೂ, ಅಗತ್ಯ ಬಿದ್ದರೆ ಒಂದಿಷ್ಟು ಹಣ ಕೊಡುವುದೆಂದೂ ತೀರ್ಮಾನವಾಗಿತ್ತು. ಭಾನುವಾರ ಟೂರ್ನಿಯ ಪಂದ್ಯ. ಅಷ್ಟರೊಳಗೆ ನನ್ನ ಚೀಟಿ ಬೇಕು.

‘ಮೊಣಕಾಲು ನೋಡುವ ಡಾಕ್ಟರು ಆಡಬಹುದು ಎಂದು ಬರೆದುಕೊಡುವುದಿಲ್ಲವೇ, ಹಾಗೆಯೇ ನೀವೂ’ ಎಂದರು ಕಾಕಾ. ಮೊಣಕಾಲು ಆಡುವವನದು, ಕಾಕಾ. ಇಲ್ಲಿ ಪೆಟ್ಟು ಬಿದ್ದಿರುವುದು ಬೇರೆಯವರಿಗೆ ಎಂದೆ. ಅವರು ಬಿಡಲಿಲ್ಲ. ರಾತ್ರಿ ಎಷ್ಟೇ ಹೊತ್ತಾಗಲಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡುವ ಮನುಷ್ಯ. ‘ಲಿವರ್‌ಪೂಲ್‌ನಂಥ ಲಿವರ್‌ಪೂಲೇ ಸುವಾರೆಜ್‌ನನ್ನು ಕೈಬಿಡಲಿಲ್ಲ. ತಂಡಕ್ಕೆ ತಂಡವೇ ಅವನ ಚಿತ್ರದ ಟಿ–ಶರ್ಟ್ ಹಾಕಿಕೊಂಡು ಮೈದಾನಕ್ಕೆ ಇಳಿಯಿತು. ಅದು ಕ್ಲಬ್ ಎಂದರೆ!’

ಫುಟ್‌ಬಾಲ್ ನನಗೆ ದೂರದ ವಿಷಯ. ಆದರೆ ಎದುರಿಗಿದ್ದವರು ನೆಚ್ಚಿಕೊಂಡ ಉದಾಹರಣೆಯನ್ನು ಪೂರ್ತಿ ತಿಳಿದುಕೊಳ್ಳದೆ ಬಿಡುವುದು ನನ್ನ ಸ್ವಭಾವವಲ್ಲ. ಓದಿದೆ. 2011ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಪ್ಯಾಟ್ರಿಸ್ ಎವ್ರಾ ಅವರನ್ನು ಮೈಬಣ್ಣ ಹಿಡಿದು ನಿಂದಿಸಿದ ಆರೋಪ ಲಿವರ್‌ಪೂಲ್ ಆಟಗಾರ ಲೂಯಿಸ್ ಸುವಾರೆಜ್ ಮೇಲೆ ಬಂದಿತು. ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಸ್ವತಂತ್ರ ಸಮಿತಿ ಆರೋಪವನ್ನು ಎತ್ತಿಹಿಡಿದು 8 ಪಂದ್ಯಗಳ ನಿಷೇಧ, 40,000 ಪೌಂಡ್ ದಂಡ ವಿಧಿಸಿತು. ಮರುದಿನವೇ ವಿಗನ್‌ನಲ್ಲಿ ನಡೆದ ಪಂದ್ಯದಲ್ಲಿ ಆ ಟಿ–ಶರ್ಟ್‌ಗಳು. ಕಾಕಾ ನೆನಪಿಟ್ಟುಕೊಂಡಿದ್ದು ಅಲ್ಲಿಯವರೆಗೆ. ಅಂದು ತಂಡದಲ್ಲಿದ್ದ ಜೇಮಿ ಕ್ಯಾರಗರ್ 2019ರಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಎವ್ರಾ ಎದುರಿಗೆ ಕುಳಿತು, ನಾವು ಮಾಡಿದ್ದು ದೊಡ್ಡ ತಪ್ಪು ಎಂದು ಕ್ಷಮೆ ಕೇಳಿದರು. ಎಂಟು ವರ್ಷ ಬೇಕಾಯಿತು. ಎರಡನೆಯ ಸಲ ಸಿಕ್ಕಾಗ ಇದನ್ನು ಹೇಳಿದೆ. ಕಾಕಾ ನನ್ನನ್ನೇ ನೋಡಿದರು. ಹುಡುಗನನ್ನು ಕಳಿಸುತ್ತೇನೆ ಎಂದಷ್ಟೇ ಹೇಳಿ ಎದ್ದರು.

ಹುಡುಗ ಬಂದ. ಈ ಬರಹಕ್ಕೆ ಕಾರಣವಾದದ್ದು ಆ ಒಂದು ಭೇಟಿ.

ಕುರ್ಚಿಯ ಅಂಚಿನಲ್ಲಿ ಕುಳಿತು, ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದ. ಫೋನ್ ಬ್ಯಾಗಿನಲ್ಲಿತ್ತು, ಲಾಕ್ ಇರಲಿಲ್ಲ, ಯಾರು ತೆಗೆದರೋ ಗೊತ್ತಿಲ್ಲ. ನಾನು ಏನನ್ನೂ ಬರೆದುಕೊಳ್ಳಲಿಲ್ಲ. ಮೊದಲಿಗೆ ನನ್ನ ಕಟ್ಟುಪಾಡು ಹೇಳಿದೆ: ಇಲ್ಲಿ ಆಡಿದ ಮಾತನ್ನು ಕ್ಲಬ್‌ಗೆ ಹೇಳುವುದಿಲ್ಲ, ಕಾಕಾಗೂ ಹೇಳುವುದಿಲ್ಲ, ಆದರೆ ನ್ಯಾಯಾಲಯ ಕರೆದರೆ ಸುಳ್ಳು ಹೇಳುವುದಿಲ್ಲ. ಇದನ್ನು ತಿಳಿದುಕೊಂಡು ಮಾತಾಡು ಎಂದೆ. ಆಮೇಲೆ ಕೇಳಿದೆ.

‘ಫೋನ್ ಬ್ಯಾಗಿನಲ್ಲಿತ್ತು ಎಂದು ಮೊದಲು ಹೇಳಿದವರು ಯಾರು?’

‘ಕಾಕಾ.’

‘ನೀನು ಅವರಿಗೆ ಹೇಳಿದ್ದೆಯಾ?’

‘ಇಲ್ಲ.’

‘ಮತ್ತೆ ಅವರಿಗೆ ಹೇಗೆ ಗೊತ್ತಾಯಿತು?’

ಬಹಳ ಹೊತ್ತು ಸುಮ್ಮನಿದ್ದ. ನಂತರ ಅವನು ಹೇಳಿದ್ದನ್ನು ಅವನ ಒಪ್ಪಿಗೆಯಿಂದಲೇ ಇಲ್ಲಿ ಇಡುತ್ತಿದ್ದೇನೆ: ‘ಮಾಡಿದೆಯಾ ಎಂದು ನನ್ನನ್ನು ಯಾರೂ ಕೇಳಲೇ ಇಲ್ಲ ಮೇಡಂ. ನಾನು ಮಾಡಿಲ್ಲ ಎಂದು ಅವರೇ ಹೇಳಿಕೊಂಡು ಬಂದರು. ಈಗ ನಾನು ಬೇರೆ ಮಾತು ಆಡಿದರೆ ಕಾಕಾ ಸುಳ್ಳುಗಾರರಾಗುತ್ತಾರೆ.’

ಈ ಹುಡುಗನಿಗೆ ತಂದೆ ಇಲ್ಲ. ಮೊದಲ ಬೂಟು ಕೊಡಿಸಿದವರು ಕಾಕಾ. ಕಾಲು ಮುರಿದಾಗ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಮಲಗಿದವರೂ ಕಾಕಾ. ಅಂಥವರು ನಾಲ್ಕು ಜನರ ಎದುರು ‘ನಮ್ಮ ಹುಡುಗ ಅಂಥವನಲ್ಲ’ ಎಂದು ಎದೆ ತಟ್ಟಿ ಹೇಳಿದ ಮೇಲೆ, ‘ಹೌದು, ನಾನೇ ಮಾಡಿದೆ’ ಎನ್ನಲು ಅವನಿಗೆ ದಾರಿ ಎಲ್ಲಿ ಉಳಿಯಿತು? ಒಪ್ಪಿಕೊಂಡರೆ ಅನ್ನ ಹಾಕಿದವರ ಮುಖಕ್ಕೆ ಮಸಿ. ಒಪ್ಪಿಕೊಳ್ಳದಿದ್ದರೆ ಬದುಕಿಡೀ ಬ್ಯಾಗಿನ ಕಥೆ. ಕ್ಲಬ್ ಅವನನ್ನು ಕಾಪಾಡುತ್ತಿದ್ದೇವೆ ಎಂದುಕೊಂಡು ಅವನ ಬಾಯಿಯನ್ನೇ ಕಟ್ಟಿತ್ತು. ಸಂಸ್ಥೆಗಳು ಆಟಗಾರನ ಪರವಾಗಿ ಅವಸರದಲ್ಲಿ ನಿಲ್ಲುವುದನ್ನು ನಾನು ವಿರೋಧಿಸುವುದು ಹುಡುಗಿಯ ಕಾರಣಕ್ಕೆ ಮಾತ್ರ ಎಂದು ಹಲವರು ಭಾವಿಸಿದ್ದಾರೆ. ಅದು ಮೊದಲ ಕಾರಣ, ನಿಜ. ಎರಡನೆಯದು ಇದು.

ಆಗ ನಾನು ಕೇಳಿದೆ, ‘ಮಾಡಿದೆಯಾ?’

‘ಹೌದು.’ ಸ್ವಲ್ಪ ತಡೆದು, ‘ಗುಂಪಿನಲ್ಲಿ ಎಲ್ಲರೂ ನಕ್ಕರು. ಅಳಿಸು ಎಂದು ಒಬ್ಬನೂ ಹೇಳಲಿಲ್ಲ’ ಎಂದ.

ಅದೂ ಸತ್ಯವೇ ಇರಬೇಕು. ಆದರೆ ಅಲ್ಲಿಗೆ ಅವನನ್ನು ಜಾರಿಕೊಳ್ಳಲು ಬಿಡಲಿಲ್ಲ. ನಕ್ಕವರ ಲೆಕ್ಕ ಆಮೇಲೆ ಮಾಡೋಣ, ಕಳಿಸಿದ ಬೆರಳು ನಿನ್ನದು ಎಂದೆ. ಅತ್ತ. ಅಳು ಪಶ್ಚಾತ್ತಾಪದ್ದೋ ಭಯದ್ದೋ ಎಂದು ಆ ಕ್ಷಣದಲ್ಲಿ ಹೇಳಬಲ್ಲೆ ಎನ್ನುವ ಆಪ್ತಸಲಹೆಗಾರರನ್ನು ನಾನು ನಂಬುವುದಿಲ್ಲ. ಕಣ್ಣೀರು ನೋಡಿ ಚೀಟಿ ಬರೆದುಕೊಡುವುದು ಅದಕ್ಕೇ ಅಪಾಯ.

ಅವನಿಗೆ ಹೇಳಿದ್ದು ಇಷ್ಟು. ಮೊದಲು ವಕೀಲರೊಬ್ಬರನ್ನು ಕಾಣು; ಕ್ಲಬ್ ಗೊತ್ತುಮಾಡಿದವರನ್ನಲ್ಲ, ನಿನ್ನ ಹಿತ ನೋಡುವವರನ್ನು. ಫೋನಿನಲ್ಲಿ ಇರುವುದನ್ನು ಯಾರಿಗೂ ಕಳಿಸಬೇಡ, ಯಾರಿಗೂ ತೋರಿಸಬೇಡ, ಹಾಗೆಂದು ಅಳಿಸಲೂ ಬೇಡ. ಸಾಕ್ಷ್ಯ ನಾಶ ಮಾಡುವುದು ಬೇರೆಯೇ ಅಪರಾಧ. ಹುಡುಗಿಗೆ ಫೋನ್ ಮಾಡಬೇಡ, ಗೆಳತಿಯರ ಮೂಲಕ ಹೇಳಿಕಳಿಸಬೇಡ, ಮನೆ ಮುಂದೆ ಹೋಗಿ ನಿಲ್ಲಬೇಡ. ಕ್ಷಮೆ ಕೇಳಬೇಕೆನಿಸಿದರೆ ಬರೆದಿಡು. ಆಕೆ ಬೇಕೆಂದಾಗ, ಆಕೆ ಹೇಳಿದವರ ಕೈಯಲ್ಲಿ ಅದು ತಲುಪಲಿ. ಬೇಡವೆಂದರೆ ನಿನ್ನ ಬಳಿಯೇ ಇರಲಿ. ಕ್ಷಮೆ ಕೇಳಿದ ಮಾತ್ರಕ್ಕೆ ಆಕೆ ಏನನ್ನೂ ಕೊಡಬೇಕಾಗಿಲ್ಲ. ಕೊನೆಯದಾಗಿ, ಕಾಕಾಗೆ ನಿಜವನ್ನು ನೀನೇ ಹೇಳಬೇಕು. ಹೇಳುವಾಗ ಬೇಕಾದರೆ ನಾನು ಜೊತೆಗಿರುತ್ತೇನೆ. ವಕೀಲರನ್ನು ಕಂಡು ಬಂದು ಅವನು ಹೇಳಿದ. ಕಾಕಾ ಬೈಯುತ್ತಾರೆಂದು ಇಬ್ಬರೂ ಕಾದೆವು. ಅವರು, ‘ಮೊದಲೇ ಹೇಳಬಾರದಿತ್ತೇ’ ಎಂದರು. ಹುಡುಗ ನನ್ನ ಕಡೆ ನೋಡಿದ. ಮೊದಲೇ ಕೇಳಬೇಕಿತ್ತು ಕಾಕಾ ಎಂದು ನಾನೇ ಹೇಳಬೇಕಾಯಿತು.

ಇನ್ನು ಕ್ಲಬ್‌ಗೆ ಕೊಟ್ಟ ಸಲಹೆ. ಇದರ ಬಗ್ಗೆ ನನ್ನ ಸಹೋದ್ಯೋಗಿಗಳಲ್ಲಿಯೇ ಭಿನ್ನಾಭಿಪ್ರಾಯವಿದೆ, ಆದ್ದರಿಂದ ಬಿಡಿಸಿಯೇ ಬರೆಯುತ್ತೇನೆ.

‘ಆಕೆಯೇ ಕಳಿಸಿದ ಫೋಟೊ ಅಲ್ಲವೇ’ ಎಂಬ ಮಾತನ್ನು ಮೈದಾನದಲ್ಲಿ ನಿಲ್ಲಿಸಿ ಎಂದೆ. ಖಾಸಗಿ ಚಿತ್ರ ತೆಗೆಯಲು ಒಪ್ಪಿಗೆ ಇದ್ದು, ಹಂಚಲು ಒಪ್ಪಿಗೆ ಇಲ್ಲದಿದ್ದರೆ ಹಂಚಿದ್ದು ಅಪರಾಧವೆಂದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್‌ನ ವಿವರಣೆಯಲ್ಲಿಯೇ ಇದೆ. ಹಣ್ಣು–ಶಾಲಿನ ಯಾತ್ರೆ ರದ್ದು ಮಾಡಿ ಎಂದೆ. ನಾಲ್ಕು ಜನ ದೊಡ್ಡವರು ಮನೆಗೆ ಬಂದು ಕೈಮುಗಿದರೆ ಹುಡುಗಿಯ ತಂದೆ ಇಲ್ಲ ಎನ್ನಲಾರರು. ಆಕೆಯನ್ನು ಕೇಳುವವರೇ ಇರುವುದಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನು ಕಾಕಾ ಮುಂದೆ ಇಟ್ಟೆ. ಕೆಲಸದ ಸ್ಥಳ ಎಂದರೆ ಕಚೇರಿ ಎಂದುಕೊಂಡಿದ್ದರು. ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಪಂದ್ಯ ನಡೆಯುವ ಜಾಗ ಎಲ್ಲವನ್ನೂ ಆ ಕಾಯ್ದೆ ಹೆಸರಿಸಿಯೇ ಸೇರಿಸಿದೆ. ಹತ್ತು ಜನ ಕೆಲಸಗಾರರೂ ಇಲ್ಲದ ಇಂಥ ಸಂಸ್ಥೆಗಳಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಮೂರು ತಿಂಗಳೊಳಗೆ ದೂರು ಕೊಡಬಹುದು. ರಾಜಿ ಆಗುವುದಿದ್ದರೂ ಹೆಣ್ಣುಮಗಳೇ ಕೇಳಿಕೊಂಡರೆ ಮಾತ್ರ, ಮತ್ತು ಹಣದ ಮೇಲೆ ರಾಜಿ ಕೂಡದು ಎಂದು 10ನೇ ಸೆಕ್ಷನ್ ಹೇಳುತ್ತದೆ. ಈ ಮಾಹಿತಿಯನ್ನು ಹುಡುಗಿಯರ ತಂಡದ ತರಬೇತಿ ನೋಡಿಕೊಳ್ಳುವ ಹೆಣ್ಣುಮಗಳ ಮೂಲಕ ಆಕೆಗೆ ತಲುಪಿಸಿ, ಯಾವ ಒತ್ತಾಯವೂ ಇಲ್ಲದೆ ಎಂದೆ.

ಭಾನುವಾರ ಆಡಿಸಬೇಡಿ ಎಂದದ್ದೇ ದೊಡ್ಡ ಗಲಾಟೆಯಾಯಿತು. ‘ಕೋರ್ಟು ತೀರ್ಮಾನ ಕೊಡುವವರೆಗೆ ನಾವು ಯಾರು ಹೇಳಲು?’ ಎಂದು ಸಮಿತಿಯ ಒಬ್ಬರು ಕೇಳಿದರು. ಅಪರಾಧ ನಡೆಯಿತೇ ಎಂದು ಹೇಳುವುದು ನ್ಯಾಯಾಲಯ. ಭಾನುವಾರ ಯಾರು ಆಡಬೇಕು ಎಂದು ಹೇಳಬೇಕಾದವರು ನೀವು. ಪ್ರತಿ ವಾರ ಹನ್ನೊಂದು ಜನರನ್ನು ಆರಿಸುವವರಿಗೆ ಈ ವಾರ ಮಾತ್ರ ಏಕೆ ನ್ಯಾಯಾಧೀಶರು ಬೇಕು, ನನ್ನ ಚೀಟಿ ಬೇಕು? ತನಿಖೆ ಮುಗಿಯುವವರೆಗೆ ಹೊರಗಿಡುವುದು ತಪ್ಪಿತಸ್ಥ ಎಂದು ಸಾರುವುದಲ್ಲ. ಅದನ್ನು ಹಾಗೆಯೇ ಬರೆದು ಹಾಕಬಹುದು.

ಕಾಕಾಗಾಗಿ ಮತ್ತೊಂದು ಫುಟ್‌ಬಾಲ್ ಕಥೆ ಹುಡುಕಿದ್ದೆ. ಸ್ಕಾಟ್ಲೆಂಡಿನ ಕರ್ಕಾಲ್ಡಿ ಎಂಬ ಸಣ್ಣ ಊರಿನ ರೇತ್ ರೋವರ್ಸ್ ಕ್ಲಬ್, 2017ರಲ್ಲಿ ಸಿವಿಲ್ ನ್ಯಾಯಾಲಯ ಅತ್ಯಾಚಾರ ನಡೆಸಿದ್ದಾನೆಂದು ತೀರ್ಪು ಕೊಟ್ಟಿದ್ದ ಆಟಗಾರನನ್ನು 2022ರ ಜನವರಿ ಕೊನೆಯಲ್ಲಿ ಸೇರಿಸಿಕೊಂಡಿತು. ಕ್ರಿಮಿನಲ್ ವಿಚಾರಣೆ ನಡೆದಿರಲಿಲ್ಲ. ಇದು ಮೊದಲಿಗೆ ಆಟಕ್ಕೆ ಸಂಬಂಧಿಸಿದ ತೀರ್ಮಾನ ಎಂದಿತು ಕ್ಲಬ್. ಮಹಿಳಾ ತಂಡದ ನಾಯಕಿ ಬಿಟ್ಟು ಹೋದರು. ಪ್ರಾಯೋಜಕಿಯಾಗಿದ್ದ ಲೇಖಕಿ ವಾಲ್ ಮೆಕ್‌ಡರ್ಮಿಡ್ ಹಣ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಕ್ಲಬ್ ಕ್ಷಮೆ ಕೇಳಿ, ಅವನನ್ನು ಆಡಿಸುವುದಿಲ್ಲ ಎಂದಿತು. ಆದರೂ ಮಹಿಳಾ ತಂಡ ಕ್ಲಬ್‌ನ ಹೆಸರನ್ನೇ ಬಿಟ್ಟು ಬೇರೆಯಾಯಿತು. ನಿಮ್ಮ ಹುಡುಗಿಯರ ತಂಡದಲ್ಲಿ ಈಗ ಎಷ್ಟು ಜನ ಅಭ್ಯಾಸಕ್ಕೆ ಬರುತ್ತಿದ್ದಾರೆ ಎಂದು ಕೇಳಿದೆ. ಕಾಕಾ ಉತ್ತರ ಕೊಡಲಿಲ್ಲ.

ಅಭ್ಯಾಸದ ಸಮಯವನ್ನೂ ಆಗಲೇ ಬಗೆಹರಿಸಬೇಕಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳೇ ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಮೈದಾನದಲ್ಲಿ ಬೆಳಗಿನ ಜಾವ, ಇಳಿಹೊತ್ತು ಬಿಟ್ಟರೆ ಕಾಲಿಡಲಾಗದು. ಎಲ್ಲರಿಗೂ ಬೇಕಾದದ್ದು ಇಳಿಹೊತ್ತೇ. ‘ಹುಡುಗಿಯರನ್ನು ಬೆಳಗಿನ ಜಾವಕ್ಕೆ ಹಾಕಿದರಾಯಿತು’ ಎಂಬುದು ಸಮಿತಿಯ ಪರಿಹಾರವಾಗಿತ್ತು. ಸಮಯ ಬದಲಾಗಬೇಕಾದರೆ ಅವನದು ಬದಲಾಗಲಿ ಎಂದೆ.

ಚೀಟಿ ಕೊಟ್ಟಿದ್ದರೆ ಹುಡುಗ ಆಪ್ತಸಲಹೆಗೆ ಖುಷಿಯಿಂದ ಬರುತ್ತಿದ್ದ, ಅವನ ನೌಕರಿಯ ದಾರಿಯೂ ಉಳಿಯುತ್ತಿತ್ತು ಎನ್ನುವ ಸಹೋದ್ಯೋಗಿಗಳಿಗೆ ನನ್ನ ಉತ್ತರ: ಅವನು ಈಗಲೂ ಬರುತ್ತಿದ್ದಾನೆ. ಆಟಕ್ಕೆ ಮರಳುವ ಆಸೆಯೂ ಇದೆ. ಆದರೆ ನನ್ನ ಸಹಿಯಿಂದ ಅದು ಸಿಗುವುದಿಲ್ಲವೆಂದು ಗೊತ್ತಿರುವುದರಿಂದ ನನ್ನನ್ನು ಮೆಚ್ಚಿಸುವ ಮಾತು ಆಡುವುದಿಲ್ಲ. ಕೆಲವು ದಿನ ಸಿಟ್ಟು ಮಾಡಿಕೊಂಡು ಎದ್ದು ಹೋಗುತ್ತಾನೆ.

ಕ್ಲಬ್ ಭಾನುವಾರ ಅವನನ್ನು ಆಡಿಸಲಿಲ್ಲ, ಸೋತಿತು. ಹುಡುಗನೇ ಸಮಿತಿಯ ಎದುರು ನಿಂತು ಹೇಳಿದ ಮೇಲೆ, ಫೋನ್ ಬೇರೆಯವರ ಕೈಯಲ್ಲಿತ್ತು ಎಂದು ತಾವು ಹೇಳಿದ್ದು ವಿಚಾರಿಸದೆ ಹೇಳಿದ ಮಾತು ಎಂದು ಗುಂಪಿನಲ್ಲಿ ಹಾಕಿತು. ಅವನ ಹೆಸರೂ ಇಲ್ಲ, ಆಕೆಯ ಹೆಸರೂ ಇಲ್ಲ. ಸಮಿತಿಯ ಇಬ್ಬರು ಹಿರಿಯರು ಅಂದಿನಿಂದ ನನಗೆ ನಮಸ್ಕಾರ ಮಾಡುವುದನ್ನು ಬಿಟ್ಟಿದ್ದಾರೆ. ಅವನನ್ನು ಯಾವಾಗ ಮರಳಿ ಕರೆಯಬೇಕು, ಕರೆಯಬೇಕೇ ಎಂಬುದನ್ನು ಕಾಕಾ ಈಗಲೂ ನನ್ನನ್ನೇ ಕೇಳುತ್ತಾರೆ. ಅದು ನಿಮ್ಮ ಸಮಿತಿ ತೀರ್ಮಾನಿಸಬೇಕಾದದ್ದು, ಆ ಸಮಿತಿಯಲ್ಲಿ ಒಬ್ಬಳೂ ಹೆಣ್ಣುಮಗಳಿಲ್ಲ ಎಂದು ಪ್ರತಿ ಸಲವೂ ಹೇಳುತ್ತೇನೆ. ಹುಡುಗಿಯರ ತಂಡದಿಂದ ಒಬ್ಬರನ್ನು ಸೇರಿಸಿಕೊಂಡು ಸಭೆ ಕರೆಯುತ್ತೇವೆ ಎಂದಿದ್ದಾರೆ. ಸದ್ಯ ಯಾರನ್ನು ಸೇರಿಸಬೇಕು ಎಂಬ ಜಗಳ ನಡೆದಿದೆ.