ಹತ್ತು ನಿಮಿಷ ಹಿಂದಿರೋ ಗಡಿಯಾರ

ಬ್ರಿಸ್ಟಲ್‌ನಿಂದ ಬರೆದಿರೋ ಓದುಗರಿಗೆ (ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಲ್ಲ),

ನಿಮ್ಮ ಪತ್ರದ ಸಾರ ಇಷ್ಟು: ಮಾಸ್ಟರ್ಸ್ ಮಾಡೋಕೆ ಹೋಗಿ ಎಂಟು ತಿಂಗಳಾಯ್ತು, ಕ್ಲಾಸು, ರೂಮು, ಪಾರ್ಟ್‌ಟೈಮ್ ಕೆಲಸ ಬಿಟ್ರೆ ಏನೂ ನೋಡಿಲ್ಲ, ಒಂದ್ಸಲ ಲಂಡನ್ನಿಗೆ ಹೋಗಿ ಥೇಮ್ಸ್ ದಂಡೆ ಮೇಲಿನ ಬಸವಣ್ಣನ ಪ್ರತಿಮೆ ಮುಂದೆ ಫೋಟೋ ತೆಗೆಸ್ಕೊಂಡಿದ್ದೇ ಬಂತು, ಅಪ್ಪ ಸಾಲ ಮಾಡಿ ಕಳಿಸಿರುವಾಗ ಊರು ಸುತ್ತೋದು ತಪ್ಪು ಅನ್ಸುತ್ತೆ, ಅದೂ ಅಲ್ದೆ "ಇವರ ಹಿಸ್ಟರಿ ಕಟ್ಕೊಂಡು ನನಗೇನಾಗ್ಬೇಕು?"

ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ. ಧಾರವಾಡದಲ್ಲಿ ಮೂರು ವರ್ಷ ಓದಿದವನು ನಾನು, ಶಾಲ್ಮಲೆ ಹುಟ್ಟೋದು ಅಲ್ಲೇ ಸೋಮೇಶ್ವರ ಗುಡಿ ಹತ್ರ ಅಂತ ಗೊತ್ತಾಗಿದ್ದು ಊರು ಬಿಟ್ಟು ಹತ್ತು ವರ್ಷ ಆದ್ಮೇಲೆ, ಅದೂ ಬಿಹಾರದ ಸಹೋದ್ಯೋಗಿ ಒಬ್ರು ಹೇಳಿ. ಆದ್ರೆ ನೀವಿರೋ ಊರಿಗೆ ಮಗಳನ್ನ ನೋಡೋಕೆ ಅಂತ ನಾನೂ ಹದಿನೈದು ದಿನ ಬಂದಿದ್ದೆ.

ಅಲ್ಲಿ ಬಸ್ ಇಳಿಯುವಾಗ ಜನ "ಚಿಯರ್ಸ್ ಡ್ರೈವ್" (ಡ್ರೈವರ್‌ಗೆ ಥ್ಯಾಂಕ್ಸ್ ಅಂತ) ಅಂತಾರಲ್ಲ, ನೀವೂ ಅಂದೇ ಅಂದಿರ್ತೀರಿ. ಅದೇ ಊರಿನ ಬಸ್ ಕಂಪನಿ 1963ರವರೆಗೂ ಕಪ್ಪು ಜನರನ್ನ, ಏಷ್ಯಾದವರನ್ನ ಡ್ರೈವರ್ ಕಂಡಕ್ಟರ್ ಮಾಡ್ತಿರ್ಲಿಲ್ಲ. ವರ್ಕ್‌ಶಾಪಲ್ಲಿ ಕೆಲಸ ಮಾಡ್ಲಿ, ಬಸ್ ಹತ್ತೋದು ಬೇಡ, ಹಂಗೆ. ಗೈ ಬೈಲಿ ಅಂತ ಒಬ್ಬ ಹುಡುಗ ಇಂಟರ್‌ವ್ಯೂಗೆ ಹೋದ, ಕಪ್ಪು ಹುಡುಗ ಅಂತ ಗೊತ್ತಾದ ಕೂಡ್ಲೇ ಇಂಟರ್‌ವ್ಯೂನೇ ಕ್ಯಾನ್ಸಲ್. ಏಪ್ರಿಲ್ 30ಕ್ಕೆ ಬಸ್ ಬಹಿಷ್ಕಾರ ಶುರುವಾಯ್ತು, ಕಂಪನಿ ಬಗ್ಗಿದ್ದು ಆಗಸ್ಟ್ 28ಕ್ಕೆ. ಸೆಪ್ಟೆಂಬರಲ್ಲಿ ಕಂಡಕ್ಟರ್ ಬ್ಯಾಗ್ ಹಾಕ್ಕೊಂಡ ಬಿಳಿಯನಲ್ಲದ ಮೊದಲಿಗ ಯಾರು ಗೊತ್ತಾ? ರಘ್‌ಬೀರ್ ಸಿಂಗ್, ನಮ್ಮ ಸಿಖ್ಖರವನು! ಇಂಗ್ಲೆಂಡಲ್ಲಿ ವರ್ಣಭೇದದ ವಿರುದ್ಧ 1965ರಲ್ಲಿ, 1968ರಲ್ಲಿ ಕಾಯ್ದೆ ಬಂದ್ವಲ್ಲ, ಅದಕ್ಕೆ ದಾರಿ ಮಾಡಿದ್ದರಲ್ಲಿ ಈ ಗಲಾಟೇನೂ ಒಂದು. ನಿಮ್ಮ ಪಾರ್ಟ್‌ಟೈಮ್ ಕೆಲಸ ಇದೆಯಲ್ಲ, ಅದಕ್ಕೂ ಇದಕ್ಕೂ ನಂಟಿದೆ.

ಇನ್ನು ಕಾರ್ನ್ ಸ್ಟ್ರೀಟ್ ಗಡಿಯಾರ. ನಾನು ಅದರ ಕೆಳಗೆ ನಿಂತು ನನ್ನ ವಾಚು ನೋಡ್ತೀನಿ, ಮೇಲೆ ನೋಡ್ತೀನಿ, ನಿಮಿಷದ ಮುಳ್ಳು ಎರಡೆರಡು! ಒಂದು ಇನ್ನೊಂದಕ್ಕಿಂತ ಹತ್ತು ನಿಮಿಷ ಹಿಂದೆ. ಕೆಟ್ಟಿದೆ ಅನ್ಕೊಂಡೆ. ಸೇಂಟ್ ನಿಕೋಲಸ್ ಮಾರ್ಕೆಟ್ಟಿನ ಅಂಗಡಿಯವನೊಬ್ಬ ನಗ್ತಾ ಬಂದು ವಿವರಿಸಿದ: ಲಂಡನ್ನಿಗಿಂತ ಇಲ್ಲಿ ಸೂರ್ಯ ಹತ್ತು ನಿಮಿಷ ಲೇಟು, ಹಾಗಾಗಿ ಊರಿಗೆ ಊರದ್ದೇ ಟೈಮ್ ಇತ್ತು, ರೈಲು ಬಂದ್ಮೇಲೆ ಲೆಕ್ಕ ತಪ್ಪೋಕೆ ಶುರುವಾಯ್ತು, ಕೊನೆಗೆ 1852ರಲ್ಲಿ ಲಂಡನ್ ಟೈಮ್ ಒಪ್ಕೊಂಡ್ರು, ಹಳೇ ಮುಳ್ಳು ಮಾತ್ರ ಬಿಡ್ಲಿಲ್ಲ. ಈ ಹಟ ನನಗೆ ಭಾರಿ ಇಷ್ಟ ಆಯ್ತು.

ಬಾತ್ ರೋಡಲ್ಲಿ ಆರ್ನೋಸ್ ವೇಲ್ ಅಂತ ಹಳೇ ಸ್ಮಶಾನ ಇದೆ, ಅಲ್ಲಿ ರಾಜಾ ರಾಮಮೋಹನ ರಾಯರ ಸಮಾಧಿ. ಸತಿ ನಿಷೇಧ ರದ್ದಾಗದಂತೆ ನೋಡ್ಕೊಳ್ಳೋದು, ಮೊಗಲ್ ಬಾದಶಹನ ಅಹವಾಲು ಮುಟ್ಟಿಸೋದು, ಹೀಗೆ ಕೆಲಸ ಹೊತ್ಕೊಂಡು 1831ರಲ್ಲಿ ಇಂಗ್ಲೆಂಡ್ ತಲುಪಿದವರು 1833ರಲ್ಲಿ ಬ್ರಿಸ್ಟಲ್ಲಲ್ಲೇ ತೀರ್ಕೊಂಡ್ರು. ಹತ್ತು ವರ್ಷ ಆದ್ಮೇಲೆ ದ್ವಾರಕಾನಾಥ ಟಾಗೋರರು (ಕವಿ ರವೀಂದ್ರನಾಥರ ತಾತ) ಅವರ ದೇಹಾನ ಈ ಸ್ಮಶಾನಕ್ಕೆ ಸ್ಥಳಾಂತರಿಸಿ ಸಮಾಧಿ ಮೇಲೊಂದು ಕಲ್ಲಿನ ಛತ್ರಿ ಕಟ್ಟಿಸಿದ್ರು. ಇಂಗ್ಲಿಷರ ಗೋರಿಗಳ ಮಧ್ಯೆ ಅದು ನಮ್ಮ ದೇವಸ್ಥಾನದ ಮಂಟಪದ ಹಾಗೆ ಕಾಣುತ್ತೆ, ನಾನು ಅಭ್ಯಾಸಬಲದಿಂದ ಚಪ್ಪಲಿ ಬಿಡೋಕೆ ಹೋಗಿದ್ದೆ.

ದುಡ್ಡಿನ ಮಾತಿಗೆ ಬಂದ್ರೆ, ಇಷ್ಟಕ್ಕೂ ನನಗೆ ಖರ್ಚಾಗಿದ್ದು ಬಸ್ ಚಾರ್ಜು, ಒಂದು ಕಾಫಿ. ಬಸ್ ಸ್ಟೇಷನ್ ಒಳಗೆ ಆ ಬಹಿಷ್ಕಾರದ ಫಲಕ ಹಾಕಿದಾರೆ, ನಾನು ತೆಗೆದ ಫೋಟೋ ಕೈ ನಡುಗಿ ಮಸುಕಾಗಿದೆ. ಭಾನುವಾರ ಆ ಕಡೆ ಹೋದ್ರೆ ಒಂದು ಒಳ್ಳೇದು ತೆಗೆದು ಕಳಿಸಿ, ಜೊತೆಗೆ ನಾಲ್ಕು ಸಾಲು ಬರೀರಿ, ಪುಟ ಖಾಲಿ ಇಟ್ಟಿರ್ತೀನಿ.

– ಸಂ.