ಓದುಗರ ಪ್ರಶ್ನೆ, ನಮ್ಮ ಉತ್ತರ: ಎರಡೂವರೆ ಅಡಿ ಹಳಿಯ ಚಿಕ್ಕಬಳ್ಳಾಪುರ ರೈಲು

ಕಳೆದ ಸಂಚಿಕೆಯಲ್ಲಿ ನಂದಿ ಹಾಲ್ಟ್ ನಿಲ್ದಾಣದ ಚಿತ್ರ ಪ್ರಕಟವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅದು ಇರುವ ಯಲಹಂಕ–ಚಿಕ್ಕಬಳ್ಳಾಪುರ–ಕೋಲಾರ–ಬಂಗಾರಪೇಟೆ ರೈಲು ಮಾರ್ಗದ ಬಗ್ಗೆಯೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರ: ದೇವನಹಳ್ಳಿ ಕಡೆಗೆ ಮೊದಲು ‘ಪುಟ್ಟ ರೈಲು’ ಹೋಗುತ್ತಿತ್ತು ಎಂದು ಮನೆಯ ಹಿರಿಯರು ಹೇಳುತ್ತಾರೆ. ಈಗಿನ ಮಾರ್ಗವೇ ಅದಾ? ಯಾವ ಕಾಲದ್ದು? (ಯಲಹಂಕ ಉಪನಗರ)

ಉ: ಅದೇ ಮಾರ್ಗ, ಆದರೆ ಹಳಿ ಬೇರೆ. ಮೊದಲು ಕೆಲಸ ಶುರುವಾದದ್ದು ಬೆಂಗಳೂರಿನ ಕಡೆಯಿಂದಲ್ಲ, ಇನ್ನೊಂದು ತುದಿಯಿಂದ. ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡು ಕಂಬಿಗಳ ನಡುವೆ ಎರಡೂವರೆ ಅಡಿ (762 ಮಿ.ಮೀ.) ಅಂತರದ ನ್ಯಾರೋಗೇಜ್ ಹಳಿ ಬಿತ್ತು. ಈ ಕಡೆಯಿಂದ ಯಶವಂತಪುರ, ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಸಾಲು ಲೈಟ್ ರೈಲ್ವೆ ಕಂಪನಿಯೊಂದರ ಹೆಸರಿನಲ್ಲಿ ಬಂತು. ನಡುವಿನ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ತುಂಡೂ ಸೇರಿ 1918ರ ಹೊತ್ತಿಗೆ ಎರಡು ತುದಿಗಳೂ ಕೂಡಿಕೊಂಡವು. ಯಲಹಂಕದಿಂದ ಬಂಗಾರಪೇಟೆಗೆ ಈ ದಾರಿಯಲ್ಲಿ ಸುಮಾರು 150 ಕಿ.ಮೀ. ಮದ್ರಾಸಿನ ಮುಖ್ಯ ಮಾರ್ಗದ ದೂರಕ್ಕೆ ಹೋಲಿಸಿದರೆ ಇದು ಸುತ್ತುದಾರಿ. ತುದಿಯಿಂದ ತುದಿಗೆ ಹೋಗುವವರಿಗಿಂತ ನಡುವಿನ ಪೇಟೆಗಳವರಿಗಾಗಿ ಹಾಕಿದ ಹಳಿ ಇದು.

ಪ್ರ: ಒಂದು ತುದಿಯಲ್ಲಿ ಮೀಟರ್‌ಗೇಜ್, ಇನ್ನೊಂದು ತುದಿಯಲ್ಲಿ ಬ್ರಾಡ್‌ಗೇಜ್ ಇದ್ದಾಗ ನಡುವೆ ಮೂರನೆಯ ಅಳತೆಯ ಹಳಿ ಹಾಕಿದ್ದು ಏಕೆ? ಎಂಜಿನಿಯರುಗಳಿಗೆ ಅಷ್ಟೂ ತಿಳಿಯಲಿಲ್ಲವೇ? (ಮಲ್ಲೇಶ್ವರ)

ಉ: ತಿಳಿದೇ ಹಾಕಿದರು. ಮದ್ರಾಸ್ ಕಡೆಯ ಬ್ರಾಡ್‌ಗೇಜ್ (1,676 ಮಿ.ಮೀ.) 1864ರಲ್ಲೇ ಬೆಂಗಳೂರು ದಂಡು ಪ್ರದೇಶ ಮುಟ್ಟಿತ್ತು. ಮೈಸೂರು, ತುಮಕೂರು, ಹಿಂದೂಪುರದ ಕಡೆಗೆಲ್ಲ ಹಾಕಿದ್ದು ಮೀಟರ್‌ಗೇಜ್ (1,000 ಮಿ.ಮೀ.). ಚಿಕ್ಕಬಳ್ಳಾಪುರದ ಮಾರ್ಗಕ್ಕೆ ಬರುವ ಆದಾಯ ಇವೆರಡರ ಖರ್ಚನ್ನೂ ತಾಳುವಂತಿರಲಿಲ್ಲ ಎಂಬುದೇ ಲೆಕ್ಕ.

ಉಳಿತಾಯ ಎಲ್ಲಿ ಎಂದು ಕೇಳಿದರೆ, ಮುಖ್ಯವಾಗಿ ತಿರುವುಗಳಲ್ಲಿ. ಈ ಗೇಜಿನಲ್ಲಿ 40 ಡಿಗ್ರಿ ತಿರುವಿನವರೆಗೂ ಹಾಕಬಹುದು, ಅಂದರೆ ಸುಮಾರು 44 ಮೀಟರ್ ತ್ರಿಜ್ಯ. ಬ್ರಾಡ್‌ಗೇಜಿಗೆ ಮಿತಿ 10 ಡಿಗ್ರಿ, 175 ಮೀಟರ್. (ಇಲ್ಲಿ ಡಿಗ್ರಿ ಎಂದರೆ ತಿರುವಿನ ಬಿಗಿತದ ಅಳತೆ; ಅದರಿಂದ 1,750ನ್ನು ಭಾಗಿಸಿದರೆ ಮೀಟರಿನಲ್ಲಿ ತ್ರಿಜ್ಯ ಸಿಗುತ್ತದೆ.) ಬಂಡೆ ಎದುರಾದರೆ ಸೀಳಬೇಕಿಲ್ಲ, ಕೆರೆ ಎದುರಾದರೆ ತುಂಬಬೇಕಿಲ್ಲ, ಬಳಸಿಕೊಂಡು ಹೋದರಾಯಿತು. ಹಳಿಯಡಿ ಅಡ್ಡಲಾಗಿ ಇಡುವ ಸ್ಲೀಪರ್ ಐದಡಿ ಉದ್ದವಿದ್ದರೆ ಸಾಕು. ಹಳಿ ಹೊರುವ ಮಣ್ಣಿನ ಏರಿ ಕಿರಿದು, ಮೋರಿಗಳು ಸಣ್ಣವು, ಹಳಿಯ ಉಕ್ಕು ಹಗುರ.

ಉಳಿಸಿದ ಹಣ ಮುಂದೆ ಕೂಲಿಯಲ್ಲಿ ಸೋರಿತು. ಬಂಗಾರಪೇಟೆಯಲ್ಲಿ ಮೂಟೆಗಳನ್ನು ಸಣ್ಣ ವ್ಯಾಗನ್‌ನಿಂದ ಇಳಿಸಿ ದೊಡ್ಡದಕ್ಕೆ ಏರಿಸಬೇಕು. ಯಶವಂತಪುರದ ತುದಿಯಲ್ಲೂ ಅದೇ ಪಾಡು. ಪ್ರತಿ ಸಲವೂ ಹಮಾಲಿ, ಹರಿದ ಚೀಲ, ತೂಕದಲ್ಲಿ ಕಡಿಮೆ, ಒಂದು ದಿನದ ವಿಳಂಬ. ಲಾರಿ ಬಂದ ಮೇಲೆ ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗೆ ಇದೆಲ್ಲ ಏಕೆ ಬೇಕು? ಅಂಗಡಿ ಬಾಗಿಲಲ್ಲಿ ಏರಿಸಿದ ಮಾಲು ಅಂಗಡಿ ಬಾಗಿಲಲ್ಲೇ ಇಳಿಯುತ್ತಿತ್ತು. ರೈಲು ನಿಧಾನ ಎಂದು ಜನ ಕೈಬಿಟ್ಟರು ಎನ್ನುವ ಮಾತಿದೆ. ನಮ್ಮ ಪ್ರಕಾರ ಸರಕು ಕೈತಪ್ಪಿದ್ದು ವೇಗದಿಂದಲ್ಲ, ಈ ಎರಡು ಇಳಿಸಿ ಏರಿಸುವ ಜಾಗಗಳಿಂದ.

ಪ್ರ: ಬೌರಿಂಗ್ ಯಾರು? (ಹೆಬ್ಬಾಳ)

ಉ: ಲೆವಿನ್ ಬೌರಿಂಗ್, 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಹೆಸರೂ ಅವರದೇ. ಬೌರಿಂಗ್‌ಪೇಟೆಯಿಂದ ಚಿನ್ನದ ಗಣಿಗಳ ಕಡೆಗೆ, ಮಾರಿಕುಪ್ಪಂಗೆ, 1894ರಲ್ಲಿ ಹೋದ ಕವಲು ಮೊದಲಿನಿಂದಲೂ ಬ್ರಾಡ್‌ಗೇಜ್. ಅದನ್ನು ಕೋಲಾರದ ಪುಟ್ಟ ಹಳಿಯ ಜೊತೆ ಬೆರೆಸಬೇಡಿ.

ಪ್ರ: ಬ್ರಾಡ್‌ಗೇಜ್ ಮಾಡುವಾಗ ಹಳೆಯ ಹಳಿ ಕಿತ್ತು ಅಗಲವಾಗಿ ಹಾಕಿದರೆ ಮುಗಿಯಲಿಲ್ಲವೇ? ಅಷ್ಟು ವರ್ಷ ಏಕೆ ಹಿಡಿಯಿತು? (ವಿದ್ಯಾರಣ್ಯಪುರ)

ಉ: ಎರಡು ತುದಿಗಳ ಕೆಲಸ 1990ರ ದಶಕದಲ್ಲಿ ಆಯಿತು. ಕೋಲಾರ–ಚಿಕ್ಕಬಳ್ಳಾಪುರದ ನಡುವಿನ ಭಾಗದಲ್ಲಿ ರೈಲು ಓಡಲು 2013ರ ನವೆಂಬರ್ ಬರಬೇಕಾಯಿತು. ಹೆಸರಿಗೆ ‘ಗೇಜ್ ಪರಿವರ್ತನೆ’, ಮಾಡುವುದು ಬಹುಪಾಲು ಹೊಸ ಮಾರ್ಗದ ಕೆಲಸವೇ.

ಮೇಲೆ ಹೇಳಿದ ಬಿಗಿ ತಿರುವುಗಳಲ್ಲಿ ಬ್ರಾಡ್‌ಗೇಜ್ ಗಾಡಿ ತಿರುಗದು. ಆದ್ದರಿಂದ ತಿರುವು ಸಡಿಲಿಸಬೇಕು. ಸಡಿಲಿಸಿದರೆ ಗೆರೆ ಹಳೆಯ ಏರಿಯಿಂದ ಪಕ್ಕಕ್ಕೆ ಸರಿದು ರೈತರ ಹೊಲಕ್ಕೆ ನುಗ್ಗುತ್ತದೆ. ಅಲ್ಲಿಂದ ಭೂಸ್ವಾಧೀನ. ಕಾಂಕ್ರೀಟ್ ಸ್ಲೀಪರ್ ಒಂದೊಂದೂ 2.75 ಮೀಟರ್ ಉದ್ದ, ಕಿಲೋಮೀಟರಿಗೆ ಸುಮಾರು 1,660 ಬೇಕು. ಅದರಡಿ ಕನಿಷ್ಠ 300 ಮಿ.ಮೀ. ಜಲ್ಲಿ. ಹಳೆಯ ಏರಿಯ ನೆತ್ತಿ ಇದಕ್ಕೆಲ್ಲ ಸಾಲದು.

ಏರಿ ಅಗಲ ಮಾಡುವಲ್ಲೇ ಹೆಚ್ಚು ತಪ್ಪು ನಡೆಯುವುದು. ಹಳೆಯ ಇಳಿಜಾರಿನ ಮೇಲೆ ಲಾರಿಯಿಂದ ಹೊಸ ಮಣ್ಣು ಸುರಿದರೆ ಎರಡೂ ಬೆಸೆಯುವುದಿಲ್ಲ. ಮೊದಲ ದೊಡ್ಡ ಮಳೆಗೆ ನೀರು ಸಂದಿಯಲ್ಲಿ ಇಳಿದು ಹೊಸ ಭಾಗ ಹಾಗೇ ಜಾರುತ್ತದೆ, ಒಂದು ಪಕ್ಕದ ಹಳಿ ಕುಸಿಯುತ್ತದೆ. ಸರಿಯಾದ ಕ್ರಮ ಹೀಗೆ: ಇಳಿಜಾರಿನ ಹುಲ್ಲು, ಬೇರು ಕಿತ್ತು, ಮೆಟ್ಟಿಲಿನಂತೆ ಕಡಿದು, ಸುಮಾರು 300 ಮಿ.ಮೀ. ಪದರದಂತೆ ಮಣ್ಣು ಹಾಕಿ, ಪ್ರತಿ ಪದರಕ್ಕೂ ಹದವಾಗಿ ನೀರು ಕೊಟ್ಟು ರೋಲರ್ ಓಡಿಸಬೇಕು. ನೀರು ಹೆಚ್ಚಾದರೂ ಕಡಿಮೆಯಾದರೂ ಮಣ್ಣು ಕೂರದು. ಮೋರಿಗಳನ್ನಂತೂ ಉದ್ದ ಮಾಡಬೇಕು, ಭಾರ ತಾಳದಿದ್ದರೆ ಹೊಸದಾಗಿಯೇ ಕಟ್ಟಬೇಕು.

ಪ್ರ: ಬಂಗಾರಪೇಟೆ–ಕೋಲಾರದ ನಡುವೆ ಹಳಿ ಮೇಲೆ ಬಸ್ ಓಡುತ್ತಿತ್ತಂತೆ, ನಿಜವೇ? (ಕೆ.ಆರ್. ಪುರ)

ಉ: ನಿಜ. ಅದು ರೈಲ್‌ಬಸ್, ಬ್ರಾಡ್‌ಗೇಜ್ ಆದ ಮೇಲೆ ಬಂದದ್ದು. ಆಗ ಕೋಲಾರದಲ್ಲೇ ಮುಗಿಯುತ್ತಿದ್ದ ಹದಿನೆಂಟು ಕಿಲೋಮೀಟರಿನ ಕುರುಡು ಕವಲಿಗೆ ಎಂಜಿನ್ ಕಟ್ಟಿದ ಇಡೀ ಗಾಡಿ ದುಬಾರಿ ಎಂದು ಒಂಟಿ ಬೋಗಿ ಓಡಿಸಿದರು.

ಪ್ರ: ಚಿಂತಾಮಣಿ ಹತ್ತಿರದ ನಮ್ಮ ತೋಟದ ಗೇಟಿಗೆ ಹಳೆಯ ಹಳಿಯ ಕಂಬ ನೆಟ್ಟಿದ್ದಾರೆ. ಅದು ಆ ರೈಲಿನದೇ ಎಂದು ತಿಳಿಯುವುದು ಹೇಗೆ? (ಆರ್.ಟಿ. ನಗರ)

ಉ: ಮೊದಲು ತಂತಿ ಬ್ರಷ್ಷಿನಿಂದ ಹಳಿಯ ಸೊಂಟವನ್ನು, ಅಂದರೆ ತಲೆಗೂ ಪಾದಕ್ಕೂ ನಡುವಿನ ತೆಳು ಭಾಗವನ್ನು ಉಜ್ಜಿ. ಗ್ರೈಂಡರ್ ಹಿಡಿಯಬೇಡಿ, ಅಕ್ಷರ ಸವೆದುಹೋಗುತ್ತದೆ. ಸೀಮೆಸುಣ್ಣವನ್ನು ಅಡ್ಡಲಾಗಿ ಎಳೆದರೆ ಉಬ್ಬಿದ ಅಕ್ಷರಗಳು ಏಳುತ್ತವೆ: ತಯಾರಕರ ಹೆಸರು, ತೂಕದ ಅಂಕಿ, ವರ್ಷ. ಕಂಬದ ಪಾಲಿಗೆ ಅಕ್ಷರವಿಲ್ಲದ ತುಂಡು ಬಂದಿದ್ದರೆ ಎತ್ತರ ಅಳೆಯಿರಿ. ಗಜಕ್ಕೆ 90 ಪೌಂಡಿನ ಬ್ರಾಡ್‌ಗೇಜ್ ಹಳಿ ಸುಮಾರು 143 ಮಿ.ಮೀ., 60 ಪೌಂಡಿನದು 114, 50 ಪೌಂಡಿನದು 105. ಎರಡೂವರೆ ಅಡಿ ಮಾರ್ಗಗಳಲ್ಲಿ ಸಾಮಾನ್ಯವಾಗಿದ್ದ 30 ಪೌಂಡಿನ ಹಳಿ 80ರ ಆಸುಪಾಸು. ತಲೆ ಸವೆದು ಕೆಲವು ಮಿ.ಮೀ. ಕಡಿಮೆ ಬರಬಹುದು. ಬಿಡಿ ತುಂಡು ಸಿಕ್ಕರೆ ತೂಗುವುದೇ ಲೇಸು: ಒಂದಡಿಗೆ 4.5 ಕೆ.ಜಿ. ಬಂದರೆ 30 ಪೌಂಡ್, 9 ಕೆ.ಜಿ. ಬಂದರೆ 60 ಪೌಂಡ್.

ಹಗುರ ಇದ್ದ ಮಾತ್ರಕ್ಕೆ ತೀರ್ಮಾನಕ್ಕೆ ಬರಬೇಡಿ. ಕೋಲಾರದ ಸೀಮೆಯಲ್ಲಿ ಗಣಿಯ ಟ್ರಾಲಿ ಹಳಿಗಳೂ ಗುಜರಿಗೆ ಬಂದಿವೆ, ಅವು ಇನ್ನೂ ತೆಳು. ಇನ್ನೊಂದು ವಿಷಯ: ನೆನಪಿಗೆಂದು ಗುಜರಿಯಲ್ಲಿ ಹಳಿ ಕೊಳ್ಳುವ ಆಸೆಯಿದ್ದರೆ ಹರಾಜಿನ ರಸೀದಿ ಕೇಳಿ ಪಡೆಯಿರಿ. ರೈಲ್ವೆಯ ಸೊತ್ತು ಎಂದು ಅನುಮಾನ ಬಂದರೆ ರೈಲ್ವೆ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧದ 1966ರ ಕಾಯ್ದೆಯಡಿ, ಅದು ಹೇಗೆ ಬಂತೆಂದು ಹೇಳಬೇಕಾದವರು ಇಟ್ಟುಕೊಂಡವರೇ.

ಪ್ರ: ಹಳೆಯ ಹಾದಿ ಎಲ್ಲಿ ಹೋಗಿತ್ತೆಂದು ನೋಡಬೇಕು. ಎಲ್ಲಿಂದ ಶುರು ಮಾಡಲಿ? (ಜಯನಗರ)

ಉ: ಒಂದು ಬೆಳಿಗ್ಗೆ ರೈಲಿನಲ್ಲೇ ಹೋಗಿ. ಯಲಹಂಕ ಬಿಟ್ಟ ಮೇಲೆ ಬೆಟ್ಟಹಲಸೂರು, ದೊಡ್ಡಜಾಲ, 2021ರ ಜನವರಿಯಲ್ಲಿ ಶುರುವಾದ ವಿಮಾನ ನಿಲ್ದಾಣದ ಹಾಲ್ಟ್, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್. ಗಾಡಿಗಳು ಕಡಿಮೆ, ಹಿಂದಿರುಗುವ ಗಾಡಿಯ ಸಮಯ ನೋಡದೆ ಇಳಿಯಬೇಡಿ. ಹಳೆಯ ನಿಲ್ದಾಣ ಕಟ್ಟಡಗಳನ್ನು ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ದುರಸ್ತಿಗೆ ಎತ್ತಿಕೊಂಡಿದ್ದರಿಂದ ನಂದಿ ಹಾಲ್ಟ್ ನೋಡುವಂತಿದೆ.

ತಿರುವು ಸಡಿಲಿಸಿದ ಕಡೆ ಹಳೆಯ ಏರಿ ಪಕ್ಕದಲ್ಲೇ ಉಳಿದಿರುತ್ತದೆ. ಅದನ್ನು ಹಿಡಿಯಲು ಸರ್ವೆ ಆಫ್ ಇಂಡಿಯಾದ ಹಳೆಯ ನಕಾಶೆ ಬೇಕು. ಹಾಳೆಯ ಸಂಖ್ಯೆ ಯಶವಂತಪುರದಿಂದ ಚಿಕ್ಕಬಳ್ಳಾಪುರದವರೆಗೆ 57 ಜಿ, ಚಿಂತಾಮಣಿ ಮತ್ತು ಕೋಲಾರಕ್ಕೆ 57 ಕೆ, ಬಂಗಾರಪೇಟೆಗೆ 57 ಎಲ್. ಅದರ ಗೆರೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲಿಟ್ಟು, ಎರಡೂ ಬೇರೆಯಾಗುವ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಆ ಊರಿನ ಗ್ರಾಮ ನಕಾಶೆ ತೆಗೆಸಿದರೆ ಹೊಲಗಳ ನಡುವೆ ಉದ್ದಕ್ಕೆ ಬಾಗಿದ ಕಿರುಪಟ್ಟಿ ಕಾಣಬಹುದು. ಹೋಗುವುದಾದರೆ ಬೇಸಿಗೆಯಲ್ಲಿ ಹೋಗಿ. ಮಳೆಗಾಲ ಕಳೆದ ಮೇಲೆ ಲಾಂಟಾನ ಬೆಳೆದು ಕಲ್ಲಿನ ಮೋರಿಗಳು ಎರಡು ಮಾರು ದೂರದಿಂದಲೂ ಕಾಣುವುದಿಲ್ಲ.