ಕಲ್ಲಿನ ವೃತ್ತ: ಗುಡಿಯೋ, ಗೋರಿಯೋ?

ಪ್ರಶ್ನೆ: ಸಾವನದುರ್ಗದ ಕಡೆ ಹೋದಾಗ ಹೊಲದಂಚಿನಲ್ಲಿ ದುಂಡಗೆ ಜೋಡಿಸಿದ ಗುಂಡುಗಲ್ಲುಗಳನ್ನು ಕಂಡೆವು. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಂತೆ ಇದೂ ಸೂರ್ಯನನ್ನು ಪೂಜಿಸುತ್ತಿದ್ದ ಪೇಗನ್ ಜನರ ಜಾಗ ಎಂದು ಜೊತೆಗಿದ್ದವರು ಹೇಳಿದರು. ನಿಜವೇ?
— ಓದುಗರು, ವಿಜಯನಗರ

ಉತ್ತರ: ಅದು ಹಳೆಯದೇ ಆಗಿದ್ದರೆ, ಬಹುಮಟ್ಟಿಗೆ ಗೋರಿ. ಸಾವನದುರ್ಗದ ಸುತ್ತ ಬೃಹತ್ ಶಿಲಾಯುಗದ (ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದ, ಕಬ್ಬಿಣವನ್ನೂ ಬಳಸುತ್ತಿದ್ದ ಕಾಲದ) ಸಮಾಧಿಗಳಿರುವುದು ಬ್ರಿಟಿಷರ ಕಾಲದಿಂದಲೂ ತಿಳಿದ ವಿಷಯ. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಎಂ. ಶೇಷಾದ್ರಿಯವರು ಅಗೆಸಿದ್ದೂ ಇಂಥವನ್ನೇ.

ಒಳಗೆ ಏನಿರುತ್ತದೆ ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯೇ ಒಳ್ಳೆಯ ಮಾದರಿ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಲ್ಲಿ ಉತ್ಖನನ ಮಾಡಿದರು. ಗುಂಡಿ ತೋಡಿ, ನಾಲ್ಕು ಕಡೆ ಕಣಶಿಲೆಯ (ಗ್ರಾನೈಟ್) ಚಪ್ಪಡಿ ನಿಲ್ಲಿಸಿ, ತಳಕ್ಕೊಂದು ಮೇಲಕ್ಕೊಂದು ಚಪ್ಪಡಿ ಹಾಕಿ ಕೋಣೆ ಕಟ್ಟುತ್ತಿದ್ದರು. ಚಪ್ಪಡಿಗಳನ್ನು ಮೂಲೆಗೆ ಮೂಲೆ ಕೂಡಿಸುತ್ತಿರಲಿಲ್ಲ. ಪ್ರತಿಯೊಂದರ ಒಂದು ತುದಿ ಪಕ್ಕದ ಚಪ್ಪಡಿಯನ್ನು ದಾಟಿ ಹೊರಚಾಚಿರುತ್ತಿತ್ತು. ಮೇಲಿಂದ ನೋಡಿದರೆ ಸ್ವಸ್ತಿಕದ ಆಕಾರ. ರಟ್ಟಿನ ಪೆಟ್ಟಿಗೆಯ ಬಾಯನ್ನು ಟೇಪಿಲ್ಲದೆ ಮುಚ್ಚುವಾಗ ನಾಲ್ಕು ರೆಕ್ಕೆಗಳನ್ನು ಒಂದರಡಿ ಒಂದು ಸಿಕ್ಕಿಸುತ್ತೇವಲ್ಲ, ಇದೂ ಹಾಗೆಯೇ: ಹೊರಗಿನ ಮಣ್ಣು ಎಷ್ಟು ಒತ್ತಿದರೂ ಚಪ್ಪಡಿಗಳು ಒಂದಕ್ಕೊಂದು ಆತುಕೊಳ್ಳುತ್ತವೆ, ಒಳಕ್ಕೆ ಬೀಳುವುದಿಲ್ಲ. ಪೂರ್ವದ ಚಪ್ಪಡಿಯಲ್ಲಿ ಸಾಮಾನ್ಯವಾಗಿ ಒಂದು ದುಂಡು ಕಿಂಡಿ. ಇಷ್ಟಾದ ಮೇಲೆ ಸುತ್ತ ಗುಂಡುಕಲ್ಲುಗಳ ವೃತ್ತ, ನಡುವೆ ಕಲ್ಲುಮಣ್ಣಿನ ತುಂಬು. ನಿಮ್ಮ ಕಣ್ಣಿಗೆ ಬಿದ್ದಿರುವುದು ಈ ಹೊರಸುತ್ತು ಮಾತ್ರ.

ಕೋಣೆಯೊಳಗೆ ಇಡೀ ಅಸ್ಥಿಪಂಜರ ಸಿಗುವುದು ಅಪರೂಪ. ತಲೆಬುರುಡೆ, ಕೈಕಾಲುಗಳ ಉದ್ದ ಮೂಳೆ, ಕೆಲವೊಮ್ಮೆ ಹಲವರವು ಒಟ್ಟಿಗೆ. ಜೊತೆಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧ, ಮಣಿ. ಎಂದರೆ ಶವವನ್ನು ಮೊದಲು ಬೇರೆಡೆ ಬಿಟ್ಟು, ಆಮೇಲೆ ಮೂಳೆ ಆಯ್ದು ತಂದಿದ್ದಾರೆ. ಬ್ರಹ್ಮಗಿರಿಯಲ್ಲಿ ಕೋಣೆಯೇ ಇಲ್ಲದ, ಬರೀ ಗುಂಡಿಯ ವೃತ್ತಗಳೂ ಸಿಕ್ಕವು. ಆ ಮೊದಲ ಹಂತ ನಡೆಯುತ್ತಿದ್ದುದು ಅಲ್ಲಿಯೇ ಇರಬೇಕೆಂದು ವೀಲರ್ ಊಹಿಸಿದ್ದರು.

ಹಾಗಾದರೆ ಆಚರಣೆ ಇರಲಿಲ್ಲವೇ? ಧಾರಾಳವಾಗಿ ಇತ್ತು. ಆದರೆ ಅದು ಸತ್ತವರಿಗೆ ಸಲ್ಲಿಸಿದ ಕ್ರಿಯೆ. ದೇವರ ಪೂಜಾಸ್ಥಳ ಎನ್ನಬೇಕಾದರೆ ಬೇರೆ ಬಗೆಯ ಸಾಕ್ಷ್ಯ ಬೇಕು: ಪದರ ಪದರವಾಗಿ ಬೂದಿ, ಬಲಿಪ್ರಾಣಿಯ ಮೂಳೆ, ಬೇರೆ ಬೇರೆ ಕಾಲದ ಹರಕೆಯ ವಸ್ತು, ಜನ ತುಳಿದು ಗಟ್ಟಿಯಾದ ನೆಲ. ಇವಿಲ್ಲದೆ ಆಕಾರ ದುಂಡಗಿದೆ ಎಂದಷ್ಟಕ್ಕೇ ಗುಡಿ ಮಾಡಬಾರದು. ಸಮಾಧಿಯ ಆಚೆಗೂ ಏನೋ ನಡೆದಿತ್ತು ಎನ್ನಿಸುವ ಜಾಗ ನೋಡಬೇಕಿದ್ದರೆ ಗಂಗಾವತಿ ಬಳಿಯ ಹಿರೇಬೆಣಕಲ್‌ಗೆ ಹೋಗಿ. ಊರವರು ಮೋರ್ಯರ ಮನೆ ಎನ್ನುವ ನೂರಾರು ಕಲ್ಮನೆಗಳ ನಡುವೆ, ಬಂಡೆಯ ಮೇಲೆ ನಗಾರಿಯಾಕಾರದ ದೊಡ್ಡ ಕಲ್ಲೊಂದಿದೆ. ಬಡಿದರೆ ದೂರಕ್ಕೆ ಕೇಳುತ್ತದೆ. (ಕೇಳಿಸುತ್ತದೆಂದು ಎಲ್ಲರೂ ಬಡಿಯಹೋಗುವುದು ಬೇಡ.)

ಪ್ರಶ್ನೆ: ಸ್ಟೋನ್‌ಹೆಂಜ್ ಕಟ್ಟಿದವರು ಡ್ರೂಯಿಡ್ ಪುರೋಹಿತರು ತಾನೇ?
— ಓದುಗರು, ಮಲ್ಲೇಶ್ವರ

ಉತ್ತರ: ಅಲ್ಲ. ಅಲ್ಲಿನ ಮೊದಲ ಮಣ್ಣಿನ ಸುತ್ತುಕಂದಕ ಸುಮಾರು ಕ್ರಿ.ಪೂ. 3000ದ್ದು, ದೊಡ್ಡ ಕಲ್ಲುಗಳು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ. ಪ್ರಾಚೀನ ಕೆಲ್ಟ್ ಜನರ ಪುರೋಹಿತರಾದ ಡ್ರೂಯಿಡರ ಸುದ್ದಿ ಬರುವುದು ಅದಕ್ಕಿಂತ ಎರಡು ಸಾವಿರ ವರ್ಷಗಳ ಈಚೆಗೆ. ಈ ನಂಟು ಹಾಕಿದವರು 17ನೇ ಶತಮಾನದ ಜಾನ್ ಆಬ್ರಿ, ಅದನ್ನು ಬೆಳೆಸಿದವರು 18ನೇ ಶತಮಾನದ ವಿಲಿಯಂ ಸ್ಟೂಕ್ಲಿ. ಈಗ ಜೂನ್‌ನಲ್ಲಿ ಬಿಳಿ ನಿಲುವಂಗಿ ತೊಟ್ಟು ಸೇರುವವರದು ಆಧುನಿಕ ಪಂಥ; 1905ರಲ್ಲೇ ಅಲ್ಲಿ ಅಂಥ ದೊಡ್ಡ ದೀಕ್ಷಾ ಸಮಾರಂಭ ನಡೆದಿತ್ತು. ಇನ್ನೊಂದು ಮಾತು: ಸ್ಟೋನ್‌ಹೆಂಜ್‌ನಲ್ಲೂ ಸುಟ್ಟ ಮನುಷ್ಯರ ಮೂಳೆಗಳು ಸಾಕಷ್ಟು ಸಿಕ್ಕಿವೆ.

ಪ್ರಶ್ನೆ: ಮೊಬೈಲ್‌ನ ಕಂಪಾಸ್ ಹಿಡಿದು ನಮ್ಮ ವೃತ್ತವೂ ಸೂರ್ಯೋದಯಕ್ಕೆ ಹೊಂದುತ್ತದೆಯೇ ನೋಡಬಹುದೇ?
— ಓದುಗರು, ರಾಜರಾಜೇಶ್ವರಿನಗರ

ಉತ್ತರ: ನೋಡಬಹುದು, ಆದರೆ ಮೋಸ ಹೋಗುವುದು ಬಲು ಸುಲಭ. ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸಿದರೆ ಬೆಂಗಳೂರಿನ ಅಕ್ಷಾಂಶದಲ್ಲಿ ಜೂನ್ 21ರ ಸೂರ್ಯೋದಯ ಸುಮಾರು 66 ಡಿಗ್ರಿಗೆ, ಡಿಸೆಂಬರ್ 21ರದು 114ಕ್ಕೆ. ಸ್ಟೋನ್‌ಹೆಂಜ್‌ನಲ್ಲಿ ಜೂನ್‌ನ ಕೋನ 50ರ ಆಸುಪಾಸು. ಅಲ್ಲಿನ ಲೆಕ್ಕ ಇಲ್ಲಿಗೆ ಹಾಕಿದರೆ ಎಲ್ಲವೂ ತಪ್ಪು. ಮೂರು ಸಾವಿರ ವರ್ಷದಲ್ಲಿ ಭೂಮಿಯ ವಾಲಿಕೆ ಬದಲಾದದ್ದರಿಂದ ಬರುವ ವ್ಯತ್ಯಾಸ ಅರ್ಧ ಡಿಗ್ರಿಗಿಂತ ಕಡಿಮೆ, ಅದನ್ನು ಬಿಡಿ. ಎದುರಿಗಿರುವ ಗುಡ್ಡವನ್ನು ಬಿಡಬೇಡಿ: ದಿಗಂತ ಒಂದು ಡಿಗ್ರಿ ಎತ್ತರವಾದರೆ ಜೂನ್‌ನ ಸೂರ್ಯ ಕಾಣಿಸಿಕೊಳ್ಳುವ ಜಾಗ ಸುಮಾರು ಕಾಲು ಡಿಗ್ರಿ ದಕ್ಷಿಣಕ್ಕೆ ಸರಿಯುತ್ತದೆ.

ಮೊಬೈಲ್ ಕಂಪಾಸ್ ಐದು ಡಿಗ್ರಿ ಆಚೀಚೆ ತೋರಿಸಿದರೂ ಆಶ್ಚರ್ಯವಿಲ್ಲ. ಕವರ್‌ನ ಮ್ಯಾಗ್ನೆಟ್, ಪಕ್ಕದ ಬೈಕು, ತಂತಿಬೇಲಿ ಸಾಕು ಅದನ್ನು ಕೆಡಿಸಲು. ಎರಡು ಕಲ್ಲುಗಳ ನಡುವೆ ದಾರ ಎಳೆದು, ಅದೇ ದಾರದ ನೇರದಲ್ಲಿ ದೂರದ ನೀರಿನ ಟ್ಯಾಂಕನ್ನೋ ಗೋಪುರವನ್ನೋ ಗುರುತಿಟ್ಟುಕೊಂಡು ಉಪಗ್ರಹ ನಕ್ಷೆಯಲ್ಲಿ ಕೋನ ಅಳೆಯುವುದು ಹೆಚ್ಚು ನಂಬಿಕೆಯದ್ದು.

ಇಷ್ಟೆಲ್ಲ ಮಾಡಿದ ಮೇಲೂ ದೊಡ್ಡ ತೊಡಕು ಉಳಿಯುತ್ತದೆ. 20 ಕಲ್ಲಿನ ವೃತ್ತದಲ್ಲಿ ಎರಡೆರಡನ್ನು ಜೋಡಿಸಿದರೆ 190 ಗೆರೆ, ಎರಡೂ ದಿಕ್ಕಿಗೆ ನೋಡಿದರೆ 380 ದೃಷ್ಟಿರೇಖೆ. ಒಂದು ಡಿಗ್ರಿ ಆಚೀಚೆ ಬಿಟ್ಟುಕೊಟ್ಟರೆ ಯಾವ ದಿಕ್ಕಿಗಾದರೂ ಸರಾಸರಿ ಎರಡು ರೇಖೆ ಸಿಕ್ಕೇ ಸಿಗುತ್ತವೆ. ಸೂರ್ಯೋದಯಕ್ಕೂ ಸಿಗುತ್ತದೆ, ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೂ ಸಿಗುತ್ತದೆ. ಹಾಗಾಗಿ ಯಾವ ಎರಡು ಕಲ್ಲು ಎಂಬುದನ್ನು ಅಳೆಯುವ ಮೊದಲೇ ಬರೆದಿಡಿ. ಅಳೆದಾದ ಮೇಲೆ ಆರಿಸಿಕೊಳ್ಳುವುದು ಪರೀಕ್ಷೆಯಲ್ಲ. ಸೂರ್ಯನ ವಾದಕ್ಕೆ ನಮ್ಮಲ್ಲಿ ಗಟ್ಟಿ ಆಧಾರವಿರುವುದು ವೃತ್ತಗಳಲ್ಲಿ ಅಲ್ಲ, ನಿಲುಗಲ್ಲುಗಳಲ್ಲಿ. ಶಿವಮೊಗ್ಗ ಜಿಲ್ಲೆಯ ನಿಲಸಕಲ್ಲು, ಬೈಸೆಗಳಲ್ಲಿ ಕೆಲವು ಜೋಡಿ ಕಲ್ಲುಗಳು ಅಯನ ಸಂಕ್ರಾಂತಿಯ (ಜೂನ್ 21, ಡಿಸೆಂಬರ್ 21ರ ಸುಮಾರಿನ) ಸೂರ್ಯನ ನೇರಕ್ಕಿರುವುದನ್ನು ಶ್ರೀಕುಮಾರ್ ಮೆನನ್, ಮಯಂಕ್ ವಾಹಿಯಾ ಮತ್ತು ಸಂಗಡಿಗರು ಅಳೆದು ತೋರಿಸಿದ್ದಾರೆ.

ಪ್ರಶ್ನೆ: ಹಳೆಯ ವೃತ್ತವೋ, ಇತ್ತೀಚಿನದೋ, ಗುರುತಿಸುವುದು ಹೇಗೆ?
— ಓದುಗರು, ಯಲಹಂಕ

ಉತ್ತರ: ಮೊದಲು ಒಕ್ಕಣೆಯ ಕಣವನ್ನೂ ಕುರಿಹಟ್ಟಿಯನ್ನೂ ಲೆಕ್ಕದಿಂದ ತೆಗೆಯಿರಿ. ಕಣವಾದರೆ ನೆಲ ಸಮತಟ್ಟು, ಗಟ್ಟಿ, ನಡುವೆ ಮೇಟಿ (ಎತ್ತು ಕಟ್ಟುವ ಕಂಬ) ನೆಟ್ಟ ಕುಳಿ ಇರಬಹುದು. ಅಂಚಿನ ಕಲ್ಲು ಒಬ್ಬಾಳು ಎತ್ತುವಷ್ಟು. ಹಟ್ಟಿಗೆ ಬಾಗಿಲ ಜಾಗ ಇದ್ದೇ ಇರುತ್ತದೆ, ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಸಮಾಧಿಯ ಕಲ್ಲು ಅರ್ಧಂಬರ್ಧ ನೆಲದೊಳಗಿದ್ದು, ಬುಡದಲ್ಲಿ ಒತ್ತುಗಲ್ಲು ಕಾಣುತ್ತದೆ. ವೃತ್ತದ ನಡುಭಾಗ ಉಬ್ಬಿರುತ್ತದೆ, ಇಲ್ಲವೇ ನಿಧಿಗಳ್ಳರು ತೋಡಿದ್ದರೆ ತಗ್ಗು ಬಿದ್ದು ಚಪ್ಪಡಿಯ ಅಂಚು ಹೊರಗೆ ಇಣುಕುತ್ತದೆ. ಒಳಗೆ ಕಪ್ಪು, ಹೊರಗೆ ಕೆಂಪು, ಮೈ ನುಣುಪಾದ ಮಡಕೆಚೂರು ಸುತ್ತ ಬಿದ್ದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಚೂರನ್ನು ಬಿದ್ದಲ್ಲಿಯೇ ಫೋಟೋ ತೆಗೆಯಿರಿ, ಜೇಬಿಗೆ ಹಾಕಿಕೊಳ್ಳಬೇಡಿ.

ಪಾಚಿ ಹಿಡಿದಿದೆ, ಊರವರು ಕುಂಕುಮ ಹಚ್ಚಿದ್ದಾರೆ ಎಂಬುದು ವಯಸ್ಸಿನ ಸಾಕ್ಷಿಯಲ್ಲ. ಸ್ಕಾಟ್‌ಲೆಂಡಿನಲ್ಲಿ ಸಾವಿರಾರು ವರ್ಷ ಹಳೆಯದೆಂದು ತಜ್ಞರೇ ನಂಬಿದ್ದ ವೃತ್ತವೊಂದನ್ನು 1990ರ ದಶಕದಲ್ಲಿ ಆ ಜಮೀನಿನ ರೈತ ನಿಲ್ಲಿಸಿದ್ದ ಎಂಬುದು 2019ರಲ್ಲಿ ಬಯಲಾಯಿತು.

ಪ್ರಶ್ನೆ: ಹೊಸಕೋಟೆ ಕಡೆ ಕೊಂಡ ಜಮೀನಿನಲ್ಲಿ ಇಂಥದ್ದೊಂದಿದೆ. ಶಾಂತಿ ಮಾಡಿಸಿ ಕಲ್ಲುಗಳನ್ನು ಮೂಲೆಗೆ ಸರಿಸಿದರೆ ಸಾಕೇ?
— ಓದುಗರು, ಇಂದಿರಾನಗರ

ಉತ್ತರ: ಶಾಂತಿ ನಿಮ್ಮಿಷ್ಟ, ಜೆಸಿಬಿ ಮಾತ್ರ ಬೇಡ. ಒಂದು ಕಲ್ಲು ಕದಲಿದರೂ ಯಾವುದು ಯಾವುದರ ಪಕ್ಕದಲ್ಲಿತ್ತು ಎಂಬ ಮಾಹಿತಿ ಹೋಯಿತು. ದೀಪದ ಎಣ್ಣೆ, ಸುಣ್ಣ, ಬಣ್ಣ ಕೂಡ ಬೇಡ. ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ ಎರಡು ವ್ಯಾಸ ಅಳೆಯಿರಿ. ನಿಂತ ಕಲ್ಲೆಷ್ಟು, ಬಿದ್ದ ಕಲ್ಲೆಷ್ಟು ಬೇರೆ ಬೇರೆ ಎಣಿಸಿ. ನಡುವೆ ನಿಂತು ಎಂಟೂ ದಿಕ್ಕಿಗೆ ಫೋಟೋ ತೆಗೆಯಿರಿ, ಚೌಕಟ್ಟಿನಲ್ಲಿ ಅಳತೆಪಟ್ಟಿ ಕಾಣಲಿ. ಸರ್ವೆ ನಂಬರ್, ಜಿಪಿಎಸ್ ಅಂಕಿ ಸೇರಿಸಿ ತಹಶೀಲ್ದಾರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಅರ್ಜಿ ಕೊಡಿ. ಕೇಂದ್ರದ ಸಂರಕ್ಷಿತ ಪಟ್ಟಿಯಲ್ಲಿರುವ ಜಾಗವಾದರೆ ಅದರಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಆಚೆಯ 200 ಮೀಟರ್‌ಗೆ ಅನುಮತಿ ಬೇಕು. ಆದ್ದರಿಂದ ನಕ್ಷೆ ಮಾಡಿಸುವ ಮೊದಲೇ ವಿಚಾರಿಸಿ. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ತಾರೀಖು ಹಾಕಿಸಿಕೊಳ್ಳದೆ ಕಚೇರಿ ಬಿಡಬೇಡಿ.